ಸರಿ ಮಾಡಿದ ಹಾಡುಗಳು

ಯೇಸುವಡಿಯಾನರಿಗೆ ಶಿಷ್ಯರಿರಲಿಲ್ಲ. ಕಲಿಯಲು ಬಂದ ಇಬ್ಬರಲ್ಲಿ ಒಬ್ಬ ತೂತುಕುಡಿಯ ಉಪ್ಪಿನ ಗದ್ದೆಗೆ ಮೇಸ್ತ್ರಿಯಾಗಿ ಹೋದ, ಇನ್ನೊಬ್ಬ ಗಿಟಾರು ಹಿಡಿದ. ನಲವತ್ತೊಂದು ವರ್ಷ ಊರಿನ ಚರ್ಚಿನಲ್ಲಿ ಕೀರ್ತನೆಗಳಿಗೆ ಮೊದಲು ಆರ್ಗನ್, ಆಮೇಲೆ ಕೀಬೋರ್ಡ್ ನುಡಿಸಿದ ಕೈಗಳಿಗೆ ಈಗ ನಡುಕ ಹತ್ತಿತ್ತು. ಇದು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಅದಕ್ಕೇ ಮೊಮ್ಮಗಳು ಬೆನಿಟಾ ಕೀಬೋರ್ಡಿನಿಂದ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿದಳು. ಗುಳಿಗೆ ನುಂಗಿದ ಮೇಲೆ ಕೈ ಒಂದು ಗಂಟೆ ಮಾತು ಕೇಳುತ್ತಿತ್ತು. ದಿನಾ ಬೆಳಿಗ್ಗೆ ಆ ಒಂದು ಗಂಟೆಯಲ್ಲಿ ಒಂದೋ ಎರಡೋ ಹಾಡು.

"ಇದು ದನಿ ಹಿಡಿಯಲ್ಲ ತಾತ. ಕೀಬೋರ್ಡಿನ ಯಾವ ಮನೆ ಒತ್ತಿದೆ, ಯಾವಾಗ, ಎಷ್ಟು ಜೋರಾಗಿ, ಅಷ್ಟನ್ನೇ ಬರ್ಕೊಳ್ಳುತ್ತೆ. ನೀನಿಲ್ದಿದ್ರೂ ಕೀಬೋರ್ಡು ತಾನೇ ನುಡಿಸುತ್ತೆ."

"ಸತ್ತ ಮೇಲೂ ಅನ್ನು. ನಾಚಿಕೆ ಯಾಕೆ?"

"ನೀನೆಲ್ಲಿ ಸಾಯ್ತೀಯ! ಕಾಫಿಗೆ ತಾಳೆಬೆಲ್ಲ ಕಮ್ಮಿ ಅಂತ ಅಜ್ಜಿ ಹತ್ರ ಜಗಳಕ್ಕಾದ್ರೂ ಇರ್ತೀಯ."

ಮೂರು ತಿಂಗಳಿಗೆ ಕೀರ್ತನೆ ಪುಸ್ತಕ ಮುಗಿಯಿತು. ಕೈಯೂ ಅಲ್ಲಿಗೆ ಮುಗಿದಿತ್ತು. ಊಟಕ್ಕೆ ಚಮಚ ಬಂದಿತ್ತು. ಪರದೆಯ ಮೇಲೆ ಒಂದೊಂದು ಸ್ವರವೂ ಒಂದು ಹಸಿರು ಕಡ್ಡಿ. ತಾಳದ ನೇರ ಗೆರೆಗಳ ಆಚೆ ಈಚೆ ಕಡ್ಡಿಗಳು ಚೆದುರಿ ಬಿದ್ದಿದ್ದವು. ಮುದುಕ ಕನ್ನಡಕ ಏರಿಸಿ ನೋಡಿದರು.

"ಇದೇನು, ಕೋಳಿ ಕೆದರಿದ ಹಾಗಿದೆ? ನನ್ನ ನಡುಕವಾ?"

"ಹೂಂ. ಸರಿ ಮಾಡ್ಬೋದು."

"ಮಾಡು ಮಗಳೇ. ನಡುಗೋ ಕೈನ ಊರಿಗೆ ಬಿಟ್ಟು ಹೋಗಬಾರದು."

ಮೂರು ವಾರ ಅವಳು ಕೂತು ಕಡ್ಡಿಗಳನ್ನು ಗೆರೆಗೆ ತಂದಳು. ಹಾಡಿನ ಪ್ರತಿ ಸಾಲಿನ ಕೊನೆಯಲ್ಲೂ ತಾತ ತಡವರಿಸಿದ ಹಾಗಿತ್ತು. ಒಂದೊಂದಾಗಿ ಆ ಖಾಲಿ ಜಾಗಗಳನ್ನು ಕತ್ತರಿಸಿ, ಮುಂದಿನ ಸಾಲನ್ನು ಹತ್ತಿರಕ್ಕೆ ಎಳೆದಳು. ಅದೇ ಹೆಸರಿನಲ್ಲಿ ಉಳಿಸಿದಳು. ಹಳೆಯದರ ಪ್ರತಿ ಇಟ್ಟುಕೊಳ್ಳಲಿಲ್ಲ. ತಪ್ಪನ್ನು ಯಾರು ಜೋಪಾನ ಮಾಡುತ್ತಾರೆ?

ಭಾನುವಾರ ಚರ್ಚಿನಲ್ಲಿ ಕೀಬೋರ್ಡಿನ ಮುಂದೆ ಯಾರೂ ಇರಲಿಲ್ಲ. ಬೆನಿಟಾ ಗುಂಡಿ ಒತ್ತಿದಳು. ಮುಂದಿನ ಚಾಪೆಯ ಮುದುಕಿಯರು ಎಂದಿನಂತೆ ಸಾಲಿನ ಕೊನೆಯ ಅಕ್ಷರವನ್ನು ಎಳೆದು, ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಯಂತ್ರ ಮುಂದಿನ ಸಾಲಿನ ನಡುವೆ ಇತ್ತು. ಎರಡನೇ ಚರಣಕ್ಕೆ ಅವರು ಪೂರ್ತಿ ಒಂದು ಸಾಲು ಹಿಂದೆ ಬಿದ್ದರು. ಮೂರನೆಯದಕ್ಕೆ ಬಾಯಿ ಮುಚ್ಚಿದರು. ಕೀಬೋರ್ಡು ತಾನೊಂದೇ, ತಪ್ಪಿಲ್ಲದೆ, ಕೊನೆಯವರೆಗೂ ನುಡಿಸಿತು.

ಹೊರಗೆ ಬೇವಿನ ಕೆಳಗೆ ಆ ಮುದುಕಿಯರಲ್ಲೊಬ್ಬಳು, ಅನ್ನಕ್ಕಿಳಿ, ತಾತನನ್ನು ತಡೆದಳು. "ಯಾರ ಹೆಣ ಎತ್ತೋಕೆ ಇಷ್ಟು ಅವಸರ ಮೇಷ್ಟ್ರೇ? ನಿಮ್ಮ ಪೆಟ್ಟಿಗೆ ಉಸಿರಾಡೋಕೂ ಬಿಡ್ಲಿಲ್ಲವಲ್ಲ!"

ಯೇಸುವಡಿಯಾನ್ ಮೊಮ್ಮಗಳ ಕಡೆ ತಿರುಗಿದರು. "ಸಾಲಿನ ಕೊನೇಲಿ ಏನು ಮಾಡಿದೆ?"

"ನೀನು ತಡವರಿಸಿದ್ದೆ. ತೆಗೆದೆ."

"ಅದು ನಡುಕ ಅಲ್ಲ. ಇವರಿಗೆ ಕಾಯ್ತಿದ್ದೆ." ಮುದುಕಿಯರ ಕಡೆ ತಿರುಗಿ ನೋಡಿದರು. "ಕಾಯ್ತಿದ್ದೆ ಅಂತ ನಂಗೇ ಗೊತ್ತಿರ್ಲಿಲ್ಲ."

"ಮತ್ತೆ ಹಾಕ್ತೀನಿ ತಾತ. ಎಲ್ಲೆಲ್ಲಿ ಎಷ್ಟೆಷ್ಟು, ಹೇಳು ಸಾಕು."

"ಒಂದೊಂದು ಹಾಡಿಗೆ ಒಂದೊಂದು ಥರ. ಬಾಯಲ್ಲಿ ಹೇಳೋಕೆ ಬರಲ್ಲ."

ಮನೆಗೆ ಬಂದು ಕೀಬೋರ್ಡಿನ ಮುಂದೆ ಕೂತರು. ಅವಳು ತಂತಿ ಸಿಕ್ಕಿಸಿದಳು. ಎಡಗೈ ನಾಲ್ಕು ಮನೆಗಳನ್ನು ಒಟ್ಟಿಗೇ ಒತ್ತಿತು. ಬಲಗೈ ಅಂಚಿನಿಂದ ಜಾರಿ ತೊಡೆಯ ಮೇಲೆ ಬಿದ್ದು ಅಲ್ಲೇ ನಡುಗುತ್ತಿತ್ತು. ಮೂರು ಸಲ ನೋಡಿ ಬೆನಿಟಾ ಸ್ವಿಚ್ ಆರಿಸಿದಳು.

ಮುಂದಿನ ವಾರದಿಂದ ಗಿಟಾರಿನವನು ಬರಲಿ ಎಂದು ಪಾದ್ರಿ ಹೇಳಿಕಳಿಸಿದರು. ಅವನಿಗೆ ಹಳೆಯ ಕೀರ್ತನೆಗಳು ಬರುತ್ತಿರಲಿಲ್ಲ.

ಬೆನಿಟಾ ಪುಸ್ತಕ ತೆರೆದು, ಸಾಲಿನ ಮೇಲೆ ಬೆರಳಿಟ್ಟು ಎಣಿಸಿದಳು. ಕೀರ್ತನೆಗಳು ನೂರ ಹದಿನಾಲ್ಕು. ಅವಳು ಕತ್ತರಿಸಿದ ನಿಲುಗಡೆಗಳು ಎರಡು ಸಾವಿರದ ಮುನ್ನೂರ ಆರು.