ಗಂಟುಬಿದ್ದ ತಾಮ್ರ

ಹದಿನೆಂಟನೇ ದಿನವೂ ತಾಮ್ರದ ತಗಡುಗಳ ಮೇಲೆ ಗಂಟುಗಳು ಎದ್ದಿದ್ದವು. ತೊಳೆದಿಟ್ಟಿದ್ದ ಒಂದನ್ನು ರಂಜಿತ ಬೆರಳಿಂದ ಸವರಿ ನೋಡಿದಳು. ಹೂಕೋಸಿನ ಹಾಗೆ ಉಬ್ಬುಬ್ಬಾಗಿತ್ತು. ಅಳು ಬರುವಷ್ಟು ರೇಗಿತು ಅವಳಿಗೆ.

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಆ ಸಣ್ಣ ಕಾರ್ಖಾನೆಗೆ ಇದ್ದವಳು ಅವಳೊಬ್ಬಳೇ ಕೆಮಿಸ್ಟ್. ಅದಿರು ಕರಗಿಸಿ ತೆಗೆದ ಕಚ್ಚಾ ತಾಮ್ರ, ನಿಕ್ಕಲ್ಲು, ಚೂರುಪಾರು ಬೆಳ್ಳಿ ಎಲ್ಲ ಬೆರೆತದ್ದು, ದಪ್ಪ ಹಲಗೆಗಳಾಗಿ ಅಲ್ಲಿಗೆ ಬರುತ್ತಿತ್ತು. ಆ ಹಲಗೆಗಳನ್ನು ಮೈಲುತುತ್ತ, ಗಂಧಕಾಮ್ಲ ಬೆರೆಸಿದ ಬಿಸಿನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು ಕರೆಂಟು ಹರಿಸಿದರೆ, ತಾಮ್ರವಷ್ಟೇ ಎದುರಿನ ತೆಳು ತಗಡಿಗೆ ಹೋಗಿ ಕೂರುತ್ತದೆ. ಬೆಳ್ಳಿ ಕೆಸರಾಗಿ ತಳ ಸೇರುತ್ತದೆ, ನಿಕ್ಕಲ್ಲು ನೀರಲ್ಲೇ ಉಳಿಯುತ್ತದೆ. ತಾಮ್ರ ನಯವಾಗಿ ಕೂರಲಿ ಎಂದು ತೊಟ್ಟಿಗೆ ಒಂದಿಷ್ಟು ಮೂಳೆಯ ಅಂಟನ್ನು ಬಿಡುತ್ತಾರೆ. ಗಂಟೆದ್ದರೆ ಮಾತ್ರ ಎಲ್ಲ ಕೆಟ್ಟಿತು. ಅದು ಬೆಳೆದು ಎದುರು ಹಲಗೆಗೆ ತಾಗುತ್ತದೆ, ಕರೆಂಟು ಸುಮ್ಮನೆ ಪೋಲಾಗುತ್ತದೆ, ಗಂಟಿನ ಸಂದಿಯಲ್ಲಿ ಕೆಸರು ಸಿಕ್ಕಿ ಮಾಲು ವಾಪಸ್ ಬರುತ್ತದೆ.

ರಂಜಿತ ಆಮ್ಲ ಅಳೆದಳು, ಬಿಸಿ ಅಳೆದಳು, ಅಂಟು ತೂಗಿದಳು. ಎಲ್ಲವೂ ಇರಬೇಕಾದಷ್ಟೇ ಇತ್ತು. ಮ್ಯಾನೇಜರ್ ಗೋಪಾಲಪ್ಪನವರು ಕಾರಣ ಸಿಗುವ ತನಕ ಕಾಯಲಿಲ್ಲ. ಹಲಗೆಗಳನ್ನು ಸೊಟ್ಟಪಟ್ಟ ನೇತುಹಾಕಿದ್ದೇ ಕಾರಣ ಎಂದು ಹೆಡ್ಡಾಫೀಸಿಗೆ ಪತ್ರ ಬರೆದು, ಹನ್ನೊಂದು ವರ್ಷದಿಂದ ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದ ಪಾಪಮ್ಮನ ಹೆಸರು ಹಾಕಿದರು. ಬೇರೆ ಕಾರಣ ತೋಚದೆ ರಂಜಿತಳೂ ಅದಕ್ಕೆ ಸಹಿ ಮಾಡಿದ್ದಳು. ಪಾಪಮ್ಮನನ್ನು ಹಿಂದಿನ ಅಂಗಳಕ್ಕೆ, ತುಂಡು ತಾಮ್ರ ಆರಿಸುವ ಕೆಲಸಕ್ಕೆ ಹಾಕಿದರು.

"ಪಾಪಮ್ಮ ಹೋಗಿ ಆರು ದಿನ ಆಯ್ತು ಸರ್. ಗಂಟು ನಿಂತಿಲ್ಲ," ಎಂದಳು ರಂಜಿತ.

"ಈಗಿರೋರಿಗೂ ಅವ್ಳೇ ಅಲ್ವೇನಮ್ಮಾ ಕೆಲ್ಸ ಕಲ್ಸಿರೋದು?" ಗೋಪಾಲಪ್ಪ ಫೋನಿನಿಂದ ಕಣ್ಣೆತ್ತಲಿಲ್ಲ.

ಅವಳು ನೇರ ಹಿಂದಿನ ಅಂಗಳಕ್ಕೆ ನಡೆದಳು. ಪಾಪಮ್ಮ ತಗಡಿನ ಮಾಡಿನ ನೆರಳಲ್ಲಿ ಕೂತು ಚೂರುಗಳನ್ನು ಬುಟ್ಟಿಗೆ ಎಸೆಯುತ್ತಿದ್ದಳು.

"ಅಕ್ಕ, ಅಂಟು ಕಲಸ್ತಿದ್ದೋರು ನೀವೇ ಅಲ್ವಾ? ಏನಾದ್ರೂ ವ್ಯತ್ಯಾಸ ಕಂಡಿತ್ತಾ?"

"ಮೊದ್ಲು ದಿನಕ್ಕೆ ನಾಕು ಸಲ ಉಗುರು ಬೆಚ್ಚಗಿನ ನೀರ್ನಾಗೆ ಕಲಸ್ತಿದ್ದೆ. ಬೆರಳು ಬೆರಳು ಅಂಟ್ಕೋತಿತ್ತು. ಆಮ್ಯಾಕೆ ನೀವು, ಬೆಳಿಗ್ಗೇನೇ ಒಂದೇ ಸಲ ಕುದ್ಸಿ ಒಲೆ ಮ್ಯಾಲೇ ಇಟ್ಬಿಡಿ ಅಂದ್ರಿ. ಆವತ್ನಿಂದ ಮದ್ಯಾನದೊತ್ಗೆಲ್ಲ ನೀರಾಗೋಯ್ತದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳ್ದೆ ಕಣಮ್ಮ. ತೂಕ ಸರಿಯಾಗೈತೆ, ನೀವು ಹೋಗಿ ಅಂದ್ರಿ."

ರಂಜಿತಳ ಮುಖ ಸುಟ್ಟಂತಾಯಿತು. ಹೌದು, ಅಂದಿದ್ದಳು. ಗಂಟು ಏಳುವ ತುಸು ಮುಂಚೆ, ಆಳುಗಳಿಗೆ ಕೆಲಸ ಕಡಿಮೆಯಾಗಲಿ ಎಂದು ಕುದಿಸಿಡುವ ಏರ್ಪಾಡು ಮಾಡಿದ್ದೂ ಅವಳೇ; ಪಾಪಮ್ಮ ಹೋದ ಮೇಲೂ ಅದೇ ನಡೆದಿತ್ತು. ಗಂಟೆಗಟ್ಟಲೆ ಕುದಿದ ಅಂಟಿನ ಎಳೆಗಳು ತುಂಡಾಗಿ ಹಿಡಿತ ಹೋಗುತ್ತದೆ, ತೂಕ ಮಾತ್ರ ಹಾಗೇ ಇರುತ್ತದೆ. ಕಾಲೇಜಿನಲ್ಲಿ ಓದಿದ್ದ ಪಾಠ. ಇಷ್ಟು ದಿನ ತೂಗಿದ್ದೇ ತೂಗಿದ್ದು, ಒಂದು ಸಲ ಬೆರಳಿಗೆ ಹಚ್ಚಿ ನೋಡಿರಲಿಲ್ಲ.

ಅಂದೇ ಮೂರನೇ ತೊಟ್ಟಿಗೆ ಹೊಸ ತಗಡು ಇಳಿಸಿ, ಹಳೇ ಕ್ರಮದಲ್ಲಿ ತಾನೇ ಅಂಟು ಕಲಸಿ ಬಿಟ್ಟಳು. ಮಿಕ್ಕವನ್ನು ಮುಟ್ಟಲಿಲ್ಲ. ನಾಲ್ಕನೇ ದಿನ ಮೇಲೆತ್ತಿದಾಗ ಮೂರನೇ ತೊಟ್ಟಿಯ ತಗಡುಗಳು ಮಾತ್ರ ನುಣ್ಣಗಿದ್ದವು.

ಗೋಪಾಲಪ್ಪನವರಿಗೆ ಖುಷಿಯೋ ಖುಷಿ. "ಅಷ್ಟೇ ತಾನೆ? ಇನ್ಮೇಲೆ ಹಂಗೇ ಮಾಡ್ಸಿ. ಪಾಪಮ್ಮನೂ ಒಳಗೇ ಬರ್ಲಿ."

"ಆ ಪತ್ರ, ಸರ್?"

"ಅದು ಹೋಗಿ ಆಗೈತಲ್ಲಮ್ಮ. ಈಗ ಇನ್ನೊಂದು ಬರೆದ್ರೆ ನಮ್ಮಿಬ್ರಿಗೂ ಕೆಟ್ಟ ಹೆಸ್ರು."

"ನನಗೊಬ್ಬಳಿಗೇ ಸರ್. ಕುದಿಸೋಕೆ ಹೇಳಿದ್ದು ನಾನು."

ಅವರು ಕೇಳಿಸದವರಂತೆ ಚಹಾಕ್ಕೆ ಹೇಳಿಕಳಿಸಿದರು.

ರಂಜಿತ ನಡೆದದ್ದನ್ನೆಲ್ಲ ಬರೆದು, ತಪ್ಪು ತನ್ನದೆಂದು ಒಪ್ಪಿಕೊಂಡು, ಹೆಡ್ಡಾಫೀಸಿಗೆ ನೇರವಾಗಿ ಕಳಿಸಿದಳು. ವಾರವಾದರೂ ಉತ್ತರವಿಲ್ಲ. ಫೋನು ಮಾಡಿದರೆ, ಮಾಲು ಸರಿಯಾಯಿತಲ್ಲ, ಮತ್ತೇನು ಎಂದರು ಅಲ್ಲಿನವರು.

ಪಾಪಮ್ಮ ತೊಟ್ಟಿಯ ಬಳಿ ಕೊಕ್ಕೆ ಸರಿಮಾಡುತ್ತ ಕೇಳಿದಳು, "ಆ ಕಾಗ್ದದಾಗೆ ನನ್ ಹೆಸ್ರು ಹೊಡ್ದಾಕಿದ್ರಾ?"

"ಇನ್ನೂ ಇಲ್ಲ ಅಕ್ಕ. ಕೇಳ್ತಾ ಇದೀನಿ."

"ಮುಂದಿನ ವರ್ಷ ಪರ್ಮನೆಂಟ್ ಮಾಡ್ತೀವಿ ಅಂದವ್ರೆ. ಅವಾಗ ಅದ್ನ ತೆಗ್ದು ನೋಡ್ತಾರೆ," ಎಂದಳು ಪಾಪಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ರಂಜಿತಳಿಗೆ ಹೆಚ್ಚು ಚುಚ್ಚಿತು.

ಅವಳು ಲ್ಯಾಬಿಗೆ ಹೋಗಿ, ತಪ್ಪು ಒಪ್ಪಿಕೊಂಡು ತಾನು ಬರೆದಿದ್ದ ಪತ್ರವನ್ನೇ ಹೆಡ್ಡಾಫೀಸಿಗೆ ಎರಡನೇ ಸಲ ಕಳಿಸಿದಳು. ಮಧ್ಯಾಹ್ನ ಮೂರನೇ ಸಲ.