ಬುಟ್ಟಿ ಇಳಿಸದ ಮನೆ

"ಟೀಚರ್, ಲಿಸನ್ ಆದ್ಮೇಲೆ 'ಟು' ಎಂತಕೆ? 'ಫಾರ್' ಎಂತಕೆ ಆಗೂದಿಲ್ಲ?"

ಮೊದಲ ಬೆಂಚಿನ ಅಕ್ಷಯ ಕೇಳಿದ್ದಕ್ಕೆ ಮಾಲಿನಿ ಸೀಮೆಸುಣ್ಣ ಕೆಳಗಿಟ್ಟಳು. ಹೊನ್ನಾವರದ ಈ ಶಾಲೆಯಲ್ಲಿ ಇಂದು ಅವಳ ಮಾದರಿ ಪಾಠ. ಗೆದ್ದರೆ ಇಂಗ್ಲಿಷ್ ಟೀಚರ್ ಕೆಲಸ. ಇಲ್ಲದಿದ್ದರೆ ಮೂರನೆಯ ಶಾಲೆಯಿಂದಲೂ ಬರಿಗೈ. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ತರು ಕೃಷ್ಣಾನಂದ ಭಟ್ಟರು ಪೆನ್ನು ಹಿಡಿದು ಕೂತಿದ್ದರು.

ಕಿಟಕಿಯಾಚೆ, ಗೇಟಿನ ಬಳಿ, ಮೀನಿನ ಬುಟ್ಟಿ ಹೊತ್ತ ಅತ್ತೆ ಮಾಸ್ತಮ್ಮ ಕಂಡಳು. "ಇವತ್ತು ಶಾಲೆ ಬದಿ ಬರೂದು ಬೇಡ" ಎಂದು ಮಾಲಿನಿ ಬೆಳಿಗ್ಗೆಯಷ್ಟೇ ಹೇಳಿದ್ದಳು. ನಾಚಿಕೆ, ಮತ್ತೇನಿಲ್ಲ. ಆದರೆ ಬುಟ್ಟಿ ಕಂಡದ್ದೇ ತಡ, ಮದುವೆಯ ಹೊಸತರಲ್ಲಿ ಅತ್ತೆ ಕೇರಿ ಸುತ್ತಿಸುತ್ತ ಕಲಿಸಿದ್ದು ನೆನಪಾಯಿತು.

"ನಮ್ಮನೇಲಿ ಮೀನು ಮಾರ್ತ್ರು," ಎಂದಳು ಮಕ್ಕಳಿಗೆ. "ಬೀರಣ್ಣನ ಮನೆಗೆ ತಾರ್ಲೆ, ಗಂಗಕ್ಕನ ಮನೆಗೆ ಬಂಗ್ಡೆ. ಎಂತಕೆ ಕೇಳಿದ್ರೆ ಅವ್ರಿಗೂ ಗೊತ್ತಿಲ್ಲ. ಯಾವ ಮನೆಗೆ ಯಾವ ಮೀನು ಅಂತ ನೆನಪಿಟ್ಕಂಡ್ರೆ ಆತು. ಈ ಬೆಂಚು ಲಿಸನ್ ಮನೆ. ಎಂತ ಕೊಡೂದು?"

"ಟು!"

"ವೇಟ್ ಮನೆಗೆ?"

"ಫಾರ್!"

ಮಕ್ಕಳು ಎದ್ದು ನಿಂತು ಕೂಗತೊಡಗಿದರು. ಮಾಲಿನಿ ಸೆರಗು ಸಿಕ್ಕಿಸಿಕೊಂಡು ಬೆಂಚಿನಿಂದ ಬೆಂಚಿಗೆ ಓಡಾಡಿದಳು.

"ಡಿಸ್ಕಸ್?"

"ಅಬೌಟ್!"

"ತಪ್ಪು! ಆ ಮನೆಗೆ ಎಂತದೂ ಬೇಡ. ಅದು ಭಟ್ರ ಮನೆ, ಅಲ್ಲಿ ಬುಟ್ಟಿ ಇಳಿಸೂಕೇ ಇಲ್ಲ!"

ಕೇರಿಯಲ್ಲಿ ದಿನಾ ಆಡುವ ಮಾತು ಹುಮ್ಮಸ್ಸಿನಲ್ಲಿ ಜಾರಿಹೋಗಿತ್ತು. ಮಕ್ಕಳೆಲ್ಲ ತಿರುಗಿ ಹೆಡ್‌ಮಾಸ್ತರರನ್ನು ನೋಡಿದರು. ಮುಗಿಯಿತು, ಕೆಲಸ ಹೋಯಿತು ಎಂದುಕೊಂಡಳು ಮಾಲಿನಿ.

ಭಟ್ಟರು ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಹದಿನೆಂಟು ವರ್ಷದಿಂದ ಇಂಗ್ಲಿಷ್ ಪಾಠದಲ್ಲಿ ಇದಕ್ಕೆಲ್ಲ ಕಾರಣ ಹೇಳ್ತಾನೇ ಬಂದೆ, ಒಬ್ಬರ ತಲೆಗೂ ಹೋಗ್ಲಿಲ್ಲ. ನಿಮ್ಗೆ ಇದನ್ನ ಹೇಳ್ಕೊಟ್ಟೋರು ಯಾರು?"

ಮಾಲಿನಿ ಕಿಟಕಿಯಾಚೆ ಕೈ ತೋರಿದಳು. "ನಮ್ಮತ್ತೆ, ಸರ್. ಅಲ್ಲಿ, ಗೇಟಲ್ಲಿ ನಿಂತವ್ರು."

"ಬಿಸಲಲ್ಲಿ ಎಂತಕೆ ನಿಲ್ಸಿದ್ರಿ? ಜಗಲಿಗೆ ಬಂದು ಬುಟ್ಟಿ ಇಳಿಸೂಕೆ ಹೇಳಿ. ನೀವು ಸೋಮವಾರದಿಂದ ಕೆಲಸಕ್ಕೆ ಬನ್ನಿ."

ಮಾಲಿನಿ ಓಡಿದಳು. ಅವಳು ಬರುವುದನ್ನು ಕಂಡು ಮಾಸ್ತಮ್ಮ ಗಾಬರಿಯಲ್ಲಿ ಹಿಂದೆ ಸರಿದಳು. "ನಾ ಒಳಗೆ ಬರ್ಲಿಲ್ಲ ಮಾರಾಯ್ತಿ, ಹೊರಗೇ ನಿಂತಿದ್ದೆ."

ಮಾಲಿನಿ ಎರಡೂ ಕೈ ಎತ್ತಿ ಬುಟ್ಟಿಗೆ ಆಸರೆ ಕೊಟ್ಟಳು. ಮೀನಿನ ನೀರು ತೋಳಿಗುಂಟ ಇಳಿದು, ಇಸ್ತ್ರಿ ಮಾಡಿದ ಸೀರೆ ನೆನೆಯಿತು.