ತೊಳೆಯದ ಉಣ್ಣೆ

"ಏ ರಂಡೆ, ಕುರಿ ಹೊರಗ ತಗೀತಿಯೋ, ನಿನ್ನೂ ಅದರ ಸಂಗಾಟ ಮುಳುಗಸ್ಲೋ? ನಿನ್ನ ಕುರಿ ಉಚ್ಚಿ ಕುಡದ ನನ್ನ ಮೀನ ಸತ್ರ ಯಾರ ಹೊಣಿ?"

ಸೊಂಟಮಟ್ಟದ ನೀರಲ್ಲಿ ನಿಂತು ಕುರಿಯ ಬೆನ್ನು ತಿಕ್ಕುತ್ತಿದ್ದ ಭೀಮಾಬಾಯಿ ತಲೆಯೆತ್ತಿದಳು. ದಡದ ಮೇಲೆ ವಿಶಾಲ ಸಾವ್ಕಾರ ನಿಂತಿದ್ದ. ಕುಡಚಿಯ ಆಚೆ ಕೃಷ್ಣೆಯ ದಂಡೆಯುದ್ದಕ್ಕೂ ಕಬ್ಬು ಬೆಳೆಯುವ ಮನುಷ್ಯ. ಹೊಲ ಸಾಲದೆ ಈಗ ಹೊಳೆಯನ್ನೂ ಗುತ್ತಿಗೆ ಹಿಡಿದು, ನಡುನೀರಲ್ಲಿ ಇನ್ನೂರು ಬಲೆಪಂಜರ ತೇಲಿಬಿಟ್ಟು ಮೀನು ಸಾಕುತ್ತಿದ್ದ. ಹೋದ ವರ್ಷದವರೆಗೆ ಇದೇ ಕುರಿಗಳನ್ನು ಗೊಬ್ಬರಕ್ಕಾಗಿ ರಾತ್ರಿ ತನ್ನ ಹೊಲದಲ್ಲಿ ಕೂಡಿಸು ಎಂದು ಕೇಳಲು ಆಕೆಯ ಗುಡಿಸಲಿಗೆ ತಾನೇ ಬರುತ್ತಿದ್ದ. ಕಬ್ಬಿಗೆ ಬಿದ್ದಾಗ ಬಂಗಾರವಾಗಿದ್ದ ಹಿಕ್ಕೆ ಹೊಳೆಗೆ ಬಂದೊಡನೆ ಹೊಲಸಾಗಿತ್ತು. ಪಂಜರದ ಸುತ್ತ ನೀರು ಹಸಿರುಗಟ್ಟಿ ನಾರುತ್ತಿತ್ತು, ಸತ್ತ ಮೀನು ದಿನಾ ದಡಕ್ಕೆ ಬೀಳುತ್ತಿದ್ದವು. ಆದರೆ ಆ ಹೊಲಸಿಗೆ ಪರವಾನಗಿ ಇತ್ತು.

ಮರುದಿನವೇ ದಡಕ್ಕೆ ತಂತಿಬೇಲಿ ಬಂತು, ಗೇಟಿಗೊಬ್ಬ ವಾಚಮನ್ ಬಂದ.

ಭೀಮಾಬಾಯಿ ಹಿಂಡು ತಿರುಗಿಸಿಕೊಂಡು ಬಂದಳು. ಕುರಿಯನ್ನು ಹರಿವ ನೀರಲ್ಲಿ ತೊಳೆದು, ಒಣಗಿಸಿ, ಆಮೇಲೆಯೇ ಉಣ್ಣೆ ಕತ್ತರಿಸಬೇಕು. ತೊಳೆಯದ ಉಣ್ಣೆಯ ಕಂಬಳಿಯನ್ನು ಯಾರೂ ಕೊಳ್ಳುವುದಿಲ್ಲ. ಸುತ್ತಲಿನ ಹನ್ನೆರಡು ಹಿಂಡುಗಳಿಗೂ ಕುರಿ ಇಳಿಸಲು ಇದ್ದದ್ದು ಈ ಒಂದೇ ಇಳಿಜಾರು.

ವಾರ ಕಳೆದ ಮೇಲೆ ಸಾವ್ಕಾರ ಗುಡಿಸಲಿಗೆ ಬಂದ. ಬಾಯಿ ತುಂಬ ಅಕ್ಕಾ ಅಂದ. ಪಂಜರಗಳನ್ನು ಐನೂರು ಮಾಡುವುದಿತ್ತು. ಅದಕ್ಕಾಗಿ ಜನರ ಅಹವಾಲು ಕೇಳಲು ದೊಡ್ಡ ಸಾಹೇಬರು ಬರುವವರಿದ್ದರು. ಜನ ಒಪ್ಪಿದರೆ ಬೇಲಿಯೂ ಕಾಯಂ. ಕುರಿಯವರ ಕೈಯಿಂದಲೇ ಸಾಹೇಬರಿಗೆ ಹೊಸ ಕಂಬಳಿ ಹೊದಿಸಿದರೆ ಫೋಟೋ ಚಂದ ಬರುತ್ತದೆ ಎಂದ. ಹಾಗಾದರೆ ಒಂದು ದಿನ ಗೇಟು ತೆಗೆಸಿ, ಕುರಿ ತೊಳೆದುಕೊಳ್ಳುತ್ತೇನೆ ಎಂದು ಆಕೆ ಕೇಳಿದಳು.

"ಕಂಬಳಿ ಕರೇದ ಇರ್ತೈತಿ. ತೊಳದದ್ದೋ ಬಿಟ್ಟದ್ದೋ ಯಾಂವ ನೋಡ್ತಾನ? ಗೇಟಿನ ಮಾತ ತಗೀಬ್ಯಾಡ ನೋಡ."

ಗಂಡ ಜಕ್ಕಪ್ಪ ಒಪ್ಪಲಿಲ್ಲ. ಟ್ರಂಕಿನಲ್ಲಿರುವ ಒಳ್ಳೆಯ ಕಂಬಳಿ ಕೊಟ್ಟುಬಿಡೋಣ, ಹೊಲಸು ಉಣ್ಣೆ ಮಗ್ಗಕ್ಕೆ ಏರಿಸಿದರೆ ನೇಯ್ಗೆಯಲ್ಲಿ ಅಪ್ಪ ಗಳಿಸಿದ ಹೆಸರು ಹೋಗುತ್ತದೆ ಎಂದು ಗೋಗರೆದ.

"ಸಾವ್ಕಾರ ಹೊಸಾದ ಅಂದಾನ, ತೊಳೀಬ್ಯಾಡ ಅಂದಾನ. ದೊಡ್ಡವರ ಮಾತ ಮೀರಬಾರ್ದ" ಎಂದು ಭೀಮಾಬಾಯಿ ಕತ್ತರಿ ಕೈಗೆ ತಗೊಂಡಳು. ಒಂದು ಕಂಬಳಿಗೆ ಸಾಲುವಷ್ಟು ಉಣ್ಣೆಯನ್ನಷ್ಟೇ ಕತ್ತರಿಸಿದಳು.

ಜಿಡ್ಡು, ಹಿಕ್ಕೆ, ಉಣ್ಣೆ ಕಚ್ಚಿಕೊಂಡ ಹುಳ, ಎಲ್ಲವೂ ನೂಲಿನೊಳಗೆ ಹೋದವು. ಜಕ್ಕಪ್ಪ ಮುಖ ತಿರುವಿಕೊಂಡೇ ನೇಯ್ದ.

ಸಭೆಗೆ ಬೇಲಿಯ ಪಕ್ಕದಲ್ಲೇ ಮಂಟಪ ಹಾಕಿದ್ದರು. ಏಪ್ರಿಲ್ ಬಿಸಿಲು. ಜನಾಬಾಯಿ ಎಂಬ ಮುದುಕಿ ಕುರಿ ಇಳಿಸುವ ಜಾಗದ ಮಾತು ತೆಗೆಯುವಷ್ಟರಲ್ಲಿ ಸಾವ್ಕಾರ ಮೊದಲು ಸನ್ಮಾನ, ಆಮೇಲೆ ಅಹವಾಲು ಎಂದು ಕೂರಿಸಿದ. ಭೀಮಾಬಾಯಿ ಕಂಬಳಿ ಹೊದಿಸಿದಳು. ಫೋಟೋದವನು ಇನ್ನೊಂದು, ಇನ್ನೊಂದು ಎನ್ನುತ್ತಿದ್ದ. ಸೆಕೆಗೆ ಕಂಬಳಿ ಬಿಸಿಯಾಗಿ ನಾತ ಎದ್ದಿತು. ಸಾಹೇಬರು ಉಸಿರು ಬಿಗಿಹಿಡಿದು ನಕ್ಕರು. ಕುತ್ತಿಗೆಯ ಮೇಲೆ ಏನೋ ಹರಿದಾಡಿದ ಮೇಲೆ ನಗುವುದು ಆಗಲಿಲ್ಲ. ಕಂಬಳಿ ಕಿತ್ತು ನೆಲಕ್ಕೆ ಒಗೆದರು.

"ಏನಮ್ಮ ಇದು ಹೊಲಸು? ಮೊದಲು ಹೊಳೆಗೆ ಹೋಗಿ ತೊಳೆದು ತಗೊಂಡು ಬಾ."

ಎದುರಿಗೆ ಮೈಕಿತ್ತು. ಊರಿಗೆ ಊರೇ ಕೇಳಿಸಿಕೊಂಡಿತು.

"ಹೌದ್ರಿ ಸಾಹೇಬ್ರ" ಎಂದು ಭೀಮಾಬಾಯಿ ಕಂಬಳಿ ಎತ್ತಿಕೊಂಡಳು. "ಬರೇ ಕಂಬಳಿ ತೊಳದ್ರ ಮುಗಿಯೂದಿಲ್ರಿ. ಉಣ್ಣೆ ಕುರಿ ಮ್ಯಾಲ ಇದ್ದಾಗನ ತೊಳೀಬೇಕ."

ಮೂಗಿಗೆ ಕರವಸ್ತ್ರ ಹಿಡಿದಿದ್ದ ಸಾಹೇಬರು ಏನಾದರೂ ತೊಳಿ, ಹೋಗು ಎಂದು ಕೈಬೀಸಿದರು. ವಾಚಮನ್ ಸಾವ್ಕಾರನ ಮುಖ ನೋಡಿದ, ಸಾವ್ಕಾರ ಸಾಹೇಬರ ಮುಖ ನೋಡಿದ. ಗೇಟು ತೆರೆಯಿತು. ಹೆಂಡತಿ ಹೇಳಿದಂತೆ ಹೊರಗೆ ಹಿಂಡು ಹಿಡಿದು ನಿಂತಿದ್ದ ಜಕ್ಕಪ್ಪ ಸಿಳ್ಳೆ ಹಾಕಿದ. ಇನ್ನೂರು ಕುರಿ ದಡದಡನೆ ನೀರಿಗೆ ಇಳಿದವು. ಜನಾಬಾಯಿಯ ಹಿಂಡೂ ಬೆನ್ನಿಗೇ ಬಂತು.

ಸಾಹೇಬರು ಸಭೆಯನ್ನು ಅರ್ಧಕ್ಕೇ ಬಿಟ್ಟು ಜೀಪು ಹತ್ತಿ ಹೋದ ಮೇಲೆ ಸಾವ್ಕಾರ ಗೇಟಿಗೆ ಓಡಿಬಂದ. ತೆರೆದ ಗೇಟಿನ ಮೇಲೆ ಭೀಮಾಬಾಯಿ ಒದ್ದೆ ಕಂಬಳಿಯನ್ನು ಹರವುತ್ತಿದ್ದಳು.

"ಸಾಹೇಬ್ರದ ಐತ್ರಿ ಸಾವ್ಕಾರ. ಒಣಗೂತನಕ ಗೇಟ ಮುಚ್ಚಾಕ ಬರೂದಿಲ್ಲ."

ಮರುದಿನ ಬೆಳಗ್ಗೆ ಅದರಲ್ಲಿ ಇನ್ನೂ ಸ್ವಲ್ಪ ನಾತವಿದೆ ಎಂದು ಮತ್ತೆ ತೊಳೆದು ಗೇಟಿನ ಮೇಲೆ ಹರವಿದಳು.